ಮಟಮಟ ಮಧ್ಯಾಹ್ನ ಫ್ಯಾನ್ ಯಾಕೆ ನಿಂತಿತು?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ತುಮಕೂರಿನ ಬಿಸಿಲು ಗೊತ್ತಲ್ಲ, ತಾರಸಿ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ನಮ್ಮ ಮನೆ ಮೇಲೆ ಮೂರು ಕಿಲೋವ್ಯಾಟ್‌ನ ಸೋಲಾರ್ ಹಾಕಿಸಿ ಆಗಿನ್ನೂ ಎರಡು ತಿಂಗಳು. ಊಟಕ್ಕೆ ಕೂತಿದ್ದೆವು. ಬೀದಿಯಲ್ಲಿ ಕರೆಂಟ್ ಹೋಯಿತು. ಅದರ ಜೊತೆಗೇ ನಮ್ಮ ಫ್ಯಾನೂ ನಿಂತಿತು.

ಪಕ್ಕದ ಮನೆ ಮೇಷ್ಟ್ರು ಕಾಂಪೌಂಡ್ ಹತ್ತಿರ ಬಂದು ಕೇಳಿದರು. "ಏನಪ್ಪಾ, ಸೂರ್ಯ ನೆತ್ತಿ ಮೇಲಿದ್ದಾನೆ. ನಿಮ್ಮನೆ ಫ್ಯಾನ್ ಯಾಕೆ ನಿಂತಿದೆ?"

ಇದಕ್ಕೆ ಸರಿಯಾದ ಉತ್ತರ ಹುಡುಕುತ್ತಾ ಹೋದೆ. ಹೋದಷ್ಟೂ ಅದು ಬರೀ ಸೋಲಾರ್ ವಿಷಯ ಅಲ್ಲ ಅನ್ನಿಸಿತು. ಕೆರೆ, ಬೋರು, ಪಹಣಿ, ಪಂಚಾಯಿತಿ, ಕೈಯಲ್ಲಿರುವ ಫೋನ್, ಎಲ್ಲದರಲ್ಲೂ ಅದೇ ಪ್ರಶ್ನೆ ಕೂತಿದೆ.

ಮೊದಲು ಫ್ಯಾನಿನ ವಿಷಯ ಮುಗಿಸೋಣ. ಪ್ಯಾನಲ್‌ನಿಂದ ಬರುವುದು ಡಿಸಿ ಕರೆಂಟ್, ಒಂದೇ ದಿಕ್ಕಿಗೆ ಹರಿಯುವಂಥದ್ದು. ಮನೆಗೆ ಬೇಕಾದದ್ದು ಎಸಿ, ದಿಕ್ಕು ಬದಲಿಸುತ್ತಾ ಹರಿಯುವಂಥದ್ದು. ಇನ್ವರ್ಟರ್ ಅನ್ನುವ ಪೆಟ್ಟಿಗೆ ಒಂದನ್ನು ಇನ್ನೊಂದಾಗಿ ಬದಲಾಯಿಸುತ್ತದೆ. ಆದರೆ ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸಿದ ಇನ್ವರ್ಟರ್ ತನ್ನಷ್ಟಕ್ಕೆ ತಾನು ಓಡುವುದಿಲ್ಲ. ಬೀದಿಯ ಲೈನಿನಲ್ಲಿ ಕರೆಂಟ್ ಸೆಕೆಂಡಿಗೆ 50 ಸಲ ಏರಿ ಇಳಿಯುತ್ತಿರುತ್ತದೆ. ಇನ್ವರ್ಟರ್ ಆ ತಾಳ ಹಿಡಿದು ಅದಕ್ಕೆ ಸರಿಯಾಗಿ ತನ್ನ ಕರೆಂಟ್ ಸೇರಿಸುತ್ತದೆ. ಭಜನೆಯಲ್ಲಿ ಮುಂದೆ ಕೂತವರ ತಾಳಕ್ಕೆ ಹಿಂದಿನವರು ಚಪ್ಪಾಳೆ ಹೊಂದಿಸುತ್ತಾರಲ್ಲ, ಹಾಗೆ. ಮುಂದಿನ ತಾಳ ನಿಂತರೆ ಇದೂ ನಿಲ್ಲುತ್ತದೆ.

ನಿಲ್ಲಲೇಬೇಕು ಅಂತ ನಿಯಮವೂ ಇದೆ. ಎಲ್ಲೋ ತಂತಿ ಕಡಿದಿದೆ ಅಂದುಕೊಳ್ಳಿ. ಲೈನ್‌ಮ್ಯಾನ್ ಕಂಬ ಹತ್ತಿದ್ದಾರೆ. ಸಬ್‌ಸ್ಟೇಷನ್‌ನಿಂದ ಲೈನ್ ಆಫ್ ಆಗಿದೆ. ಆದರೆ ನಮ್ಮ ತಾರಸಿಯಿಂದ ಕರೆಂಟ್ ಅದೇ ತಂತಿಗೆ ವಾಪಸ್ ಹರಿಯುತ್ತಿದ್ದರೆ? ಆ ಮನುಷ್ಯನ ಜೀವ ಹೋಗುತ್ತದೆ. ಅದಕ್ಕೇ ಲೈನಿನಲ್ಲಿ ಕರೆಂಟ್ ಇಲ್ಲ ಅಂತ ಗೊತ್ತಾದ ಎರಡು ಸೆಕೆಂಡಿನೊಳಗೆ ಇನ್ವರ್ಟರ್ ಕೈ ಎತ್ತಿಬಿಡುವಂತೆ ಮಾಡಿರುತ್ತಾರೆ.

ಇದು ಸರಿಯಾದ ನಿಯಮ. ಆದರೂ ಮೇಷ್ಟ್ರು ಕೇಳಿದ್ದು ಮನಸ್ಸಿನಲ್ಲಿ ಉಳಿಯಿತು. ತಾರಸಿ ನಮ್ಮದು, ಪ್ಯಾನಲ್ ನಮ್ಮದು, ಬ್ಯಾಂಕಿನ ಸಾಲವೂ ನಮ್ಮದು. ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಬಿಟ್ಟು ಮಿಕ್ಕ ದುಡ್ಡೆಲ್ಲ ನಾವೇ ಹಾಕಿದ್ದು. ಸ್ವಿಚ್ ಮಾತ್ರ ನಮ್ಮ ಕೈಯಲ್ಲಿಲ್ಲ.

ಕೇಂದ್ರೀಕರಣ, ವಿಕೇಂದ್ರೀಕರಣ ಅನ್ನುವ ಪದಗಳನ್ನು ನಾವು ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಒಂದೇ ಕಡೆ ಇದ್ದರೆ ಕೇಂದ್ರೀಕರಣ, ಹತ್ತು ಕಡೆ ಹಂಚಿದ್ದರೆ ವಿಕೇಂದ್ರೀಕರಣ. ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಇಲ್ಲಿ ಎರಡು ವಿಷಯ ಕಲೆತುಹೋಗಿವೆ. ವಸ್ತು ಎಲ್ಲೆಲ್ಲಿ ಹರಡಿದೆ ಅನ್ನುವುದು ಒಂದು. ಅದರ ಹಿಡಿತ ಯಾರ ಕೈಯಲ್ಲಿದೆ ಅನ್ನುವುದು ಇನ್ನೊಂದು. ವಸ್ತು ಊರೂರಿಗೆ ಹರಡಿದ್ದರೂ ಹಿಡಿತ ಒಂದೇ ಕಡೆ ಇರಬಹುದು. ನಮ್ಮ ತಾರಸಿಯೇ ಇದಕ್ಕೆ ಸಾಕ್ಷಿ.

ನಮ್ಮ ಜಿಲ್ಲೆಯಲ್ಲೇ ಇದರ ದೊಡ್ಡ ರೂಪ ಇದೆ. ಪಾವಗಡ. ಮಳೆಗಿಂತ ಬರವೇ ಜಾಸ್ತಿ ಕಂಡ ತಾಲ್ಲೂಕು. ಶೇಂಗಾ ಹಾಕಿ ಆಕಾಶ ನೋಡುವುದೇ ಅಲ್ಲಿನ ಬೇಸಾಯ. ಅಲ್ಲಿ ತಿರುಮಣಿ, ವಳ್ಳೂರು, ರಾಯಚೆರ್ಲು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿತು. ಹೆಸರು 'ಶಕ್ತಿ ಸ್ಥಳ'. 2018ರಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್. ಶರಾವತಿ ವಿದ್ಯುದಾಗಾರದ್ದು 1,035 ಮೆಗಾವ್ಯಾಟ್. ಅಂದರೆ ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲಿ ಒಂದು ಒಣ ತಾಲ್ಲೂಕು ಎರಡು ಶರಾವತಿಯಷ್ಟು ಕರೆಂಟ್ ಕೊಡಬಲ್ಲದು.

ಪಾವಗಡದಲ್ಲಿ ನನಗೆ ಹಿಡಿಸಿದ ಒಂದು ವಿಷಯ ಇದೆ. ಜಮೀನನ್ನು ರೈತರಿಂದ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಪಹಣಿಯಲ್ಲಿ ರೈತನ ಹೆಸರೇ ಉಳಿಯಿತು. ಮಳೆ ಬಂದರೂ ಬಾರದಿದ್ದರೂ ಬಾಡಿಗೆ ಬರುತ್ತದೆ. ಬರ ಕಂಡ ಮನೆಗೆ ಅದು ಸಣ್ಣ ಮಾತಲ್ಲ.

ಆದರೆ ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಅವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಹೋಯಿತು. ಕುರಿ ಮೇಯಿಸುವವರು ಬೇಲಿ ಸುತ್ತಿಕೊಂಡು ಹೋಗಬೇಕಾಯಿತು. ಬಿಸಿಲು ಬೀಳುವುದು ಆ ಊರುಗಳ ಮೇಲೆ. ಕರೆಂಟ್ ಹೋಗುವುದು ಹೈಟೆನ್ಷನ್ ಲೈನ್ ಹಿಡಿದು ದೊಡ್ಡ ತಂತಿ ಜಾಲಕ್ಕೆ, ಅಂದರೆ ಗ್ರಿಡ್‌ಗೆ. ಯಾವ ಊರಿಗೆ ಎಷ್ಟು, ಯಾವ ಹೊತ್ತಿಗೆ ಅನ್ನುವ ತೀರ್ಮಾನ ತಿರುಮಣಿಯಲ್ಲಿ ಆಗುವುದಿಲ್ಲ. ಕಲ್ಲಿದ್ದಲು ಬಿಟ್ಟು ಸೂರ್ಯನ ಕಡೆ ತಿರುಗಿದರೆ ಅಧಿಕಾರ ತಾನಾಗೇ ಜನರ ಕೈಗೆ ಬರುತ್ತದೆ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಇಂಧನ ಬದಲಾಗಿದೆ, ಹಿಡಿತ ಅಲ್ಲೇ ಇದೆ.

ಹಾಗಂತ ದೊಡ್ಡದೆಲ್ಲ ತಪ್ಪು ಅನ್ನೋಣವೇ? ಲೆಕ್ಕ ನೋಡಿ. ಪಾವಗಡದ ಸಾಮರ್ಥ್ಯವನ್ನು ನಮ್ಮಂಥ ಮನೆಗಳಿಂದ ತುಂಬಿಸಬೇಕಾದರೆ ಸುಮಾರು ಏಳು ಲಕ್ಷ ತಾರಸಿ ಬೇಕು. ಪ್ರತಿ ಮನೆಗೂ ಬೇರೆ ಇನ್ವರ್ಟರ್, ಬೇರೆ ಮೀಟರ್, ಬೇರೆ ರಿಪೇರಿ. ಒಟ್ಟಿಗೆ ಹಾಕಿದರೆ ಯೂನಿಟ್ ಬೆಲೆ ಕಡಿಮೆ ಬೀಳುತ್ತದೆ. ಸ್ವಂತ ತಾರಸಿ ಇಲ್ಲದ ಬಾಡಿಗೆ ಮನೆಯವರು, ಶೀಟ್ ಮನೆಯವರು ಎಲ್ಲಿಗೆ ಹೋಗಬೇಕು? ಅವರಿಗೆ ಗ್ರಿಡ್ಡೇ ಗತಿ.

ಗ್ರಿಡ್ ಅಂದರೆ ಊರೂರನ್ನು ಹೆಣೆದ ತಂತಿಯ ಬಲೆ. ಈ ಕಥೆಯ ಆರಂಭಕ್ಕೂ ನಮ್ಮ ಸೀಮೆಯೇ ಸಾಕ್ಷಿ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಮೊದಲು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆಗಿನ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲಿ ಅದೂ ಒಂದು. ಬೆಂಗಳೂರಿಗೆ ದೀಪ ಬಂದಿದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ತಂತಿ ಎಳೆಯಲು ದುಡ್ಡು ಯಾರಿಂದ ಹುಟ್ಟುತ್ತದೋ ಅವರ ಬಾಗಿಲಿಗೆ ಕರೆಂಟ್ ಮೊದಲು ಹೋಯಿತು. ಗಣಿ 2001ರಲ್ಲಿ ಮುಚ್ಚಿತು.

ಇವತ್ತು ದೇಶವೆಲ್ಲ ಒಂದೇ ಗ್ರಿಡ್. ಗುಜರಾತಿನ ಗಾಳಿ, ಛತ್ತೀಸಗಡದ ಕಲ್ಲಿದ್ದಲು, ಪಾವಗಡದ ಬಿಸಿಲು ಎಲ್ಲ ಒಂದೇ ತಾಳಕ್ಕೆ ಕುಣಿಯುತ್ತವೆ. ಒಂದು ಕಡೆ ಮೋಡ ಕವಿದರೆ ಇನ್ನೊಂದು ಕಡೆಯಿಂದ ಕರೆಂಟ್ ಬರುತ್ತದೆ. ಆದರೆ ಎಲ್ಲರೂ ಒಂದೇ ಹಗ್ಗ ಹಿಡಿದಿದ್ದರೆ ಒಬ್ಬ ಎಡವಿದಾಗ ಎಲ್ಲರೂ ಜಗ್ಗುತ್ತಾರೆ. 2012ರ ಜುಲೈ 30 ಮತ್ತು 31ರಂದು ಹೀಗೇ ಆಯಿತು. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಒಟ್ಟಿಗೆ ಕುಸಿದವು. 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಕತ್ತಲಾಯಿತು. ರೈಲುಗಳು ನಿಂತಲ್ಲೇ ನಿಂತವು. ದಕ್ಷಿಣಕ್ಕೆ ಏನೂ ಆಗಲಿಲ್ಲ. ನಾವು ಬಲವಾಗಿದ್ದೆವು ಅಂತಲ್ಲ. ಆಗಿನ್ನೂ ನಮ್ಮ ಗ್ರಿಡ್ ಆ ತಾಳಕ್ಕೆ ಸೇರಿರಲಿಲ್ಲ. ರಾಯಚೂರು–ಸೋಲಾಪುರ ಲೈನಿನ ಮೂಲಕ ಸೇರಿದ್ದು 2013ರ ಡಿಸೆಂಬರ್ 31ಕ್ಕೆ. ಬೇರೆಯಾಗಿದ್ದಾಗ ಕತ್ತಲು ನಮ್ಮನ್ನು ಮುಟ್ಟಲಿಲ್ಲ. ಆದರೆ ನಮಗೆ ಕೊರತೆ ಬಿದ್ದಾಗ ಅತ್ತ ಕಡೆಯಿಂದ ಬೇಕಾದಷ್ಟು ಕರೆಂಟ್ ತರಿಸಿಕೊಳ್ಳೋಕೂ ಆಗುತ್ತಿರಲಿಲ್ಲ. ಎರಡೂ ಒಂದೇ ಬೇಲಿಯ ಫಲ.

ಈಗ ತಿರುಗಿಸಿ ನೋಡೋಣ. ಹಿಡಿತ ಪೂರ್ತಿ ಹಂಚಿಹೋದರೆ ಹೇಗಿರುತ್ತದೆ? ಅದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ, ನಮ್ಮ ಬೋರ್‌ವೆಲ್‌ಗಳನ್ನು ನೋಡಿದರೆ ಸಾಕು.

ಶಿರಾ ಕಡೆ ನಮ್ಮ ಸೋದರಮಾವನ ತೋಟ ಇದೆ. ಪಂಪ್‌ಸೆಟ್ ಪೆಟ್ಟಿಗೆಯಲ್ಲಿ ಒಂದು ಆಟೋ ಸ್ಟಾರ್ಟರ್. ಅಲ್ಲಿ ಮೋಟರ್ ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿ ಹೊತ್ತು. ನಿದ್ದೆ ಕೆಟ್ಟು ಹೋಗಿ ಮೋಟರ್ ಹಾಕೋದು ಯಾರಿಗೆ ಬೇಕು? ಅದಕ್ಕೆ ಎಲ್ಲರೂ ಸ್ವಿಚ್ಚನ್ನು 'ಆಟೋ'ಗೆ ಇಟ್ಟು ಮಲಗುತ್ತಾರೆ. ಕರೆಂಟ್ ಬಂದ ಕೂಡಲೇ ಆ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಮೇಲಿರುವ ಅಷ್ಟೂ ಮೋಟರ್ ಒಂದೇ ಗಳಿಗೆಯಲ್ಲಿ ಎದ್ದು ಕೂರುತ್ತವೆ. ಓಡುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಕರೆಂಟನ್ನು ಮೋಟರ್ ಸ್ಟಾರ್ಟ್ ಆಗುವಾಗ ಎಳೆಯುತ್ತದೆ. ಹೊರೆ ತಡೆಯದೆ ಟಿಸಿ ಸುಡುತ್ತದೆ. ಆಮೇಲೆ ಹೊಸ ಟಿಸಿಗೆ ವಾರಗಟ್ಟಲೆ ಅಲೆದಾಟ, ಅಷ್ಟರಲ್ಲಿ ಅಡಿಕೆ ಸೋಗೆ ಬಾಡಿರುತ್ತದೆ. "ಎಲ್ಲಾರೂ ಹತ್ತತ್ತು ನಿಮಿಷ ಬಿಟ್ಟು ಹಾಕ್ಕೊಂಡ್ರೆ ಸುಡಲ್ಲ ಕಣಪ್ಪ," ಅಂತ ಮಾವ ಹೇಳುತ್ತಾರೆ. "ಆದ್ರೆ ನಾನು ತಡ ಮಾಡಿದ್ರೆ ಅವರು ಎಳ್ಕೊಂಡಿರ್ತಾರಲ್ಲ."

ಮಾವ ಹೇಳಿದ ಆ 'ಎಳ್ಕೊಂಡಿರ್ತಾರಲ್ಲ' ಕರೆಂಟಿಗೆ ಮಾತ್ರ ಅಲ್ಲ. ಭೂಮಿಯೊಳಗಿನ ನೀರಿಗೂ ಹಾಗೇ ಆಯಿತು. ಹಿಂದೆ ತೆರೆದ ಬಾವಿಯಲ್ಲಿ ಏತ, ಕಪಿಲೆ ಹೊಡೆದು ನೀರೆತ್ತುತ್ತಿದ್ದ ಸೀಮೆ ಇದು. ಈಗ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ದಾಟಿ ಕೊರೆದರೂ ಬರೀ ದೂಳು ಬಂದ ಬೋರುಗಳು ಎಷ್ಟೋ. ಪ್ರತಿ ರೈತನಿಗೂ ಸ್ವಂತ ಬೋರು, ಸ್ವಂತ ಸ್ವಿಚ್. ಇದಕ್ಕಿಂತ ಹಂಚಿದ ವ್ಯವಸ್ಥೆ ಇನ್ನೊಂದಿಲ್ಲ. ಆದರೆ ಕೆಳಗಿನ ನೀರು ಎಲ್ಲರದ್ದೂ ಒಂದೇ. ಹಿಡಿತ ಹಂಚಿತು, ಹೊಣೆ ಯಾರ ಕೈಗೂ ಬರಲಿಲ್ಲ.

ಇದಕ್ಕೆ ಮುಂಚೆ ಈ ಸೀಮೆ ಬದುಕಿದ್ದು ಕೆರೆಗಳಿಂದ. ವರ್ಷವಿಡೀ ಹರಿಯುವ ನದಿ ಇಲ್ಲದ ಊರುಗಳು ಒಂದರ ಕೆಳಗೊಂದು ಕೆರೆ ಕಟ್ಟಿಕೊಂಡವು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗಬೇಕು. ಪ್ರತಿ ಕೆರೆಗೂ ಒಬ್ಬ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಯಾವ ಗದ್ದೆಗೆ ಎಷ್ಟು ಹೊತ್ತು ಅನ್ನುವುದೂ ಅವನದ್ದೇ. ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆ ನೀರು ಹರಿಯುವ ಗದ್ದೆ ಬಯಲಿನಲ್ಲಿ, ಎಷ್ಟು ಜಾಗಕ್ಕೆ ನಾಟಿ ಅಂತ ಊರು ಕೂತು ತೀರ್ಮಾನ ಮಾಡುತ್ತಿತ್ತು. ನಾನು ಇಷ್ಟಪಡುವುದು ಈ ಜೋಡಣೆಯನ್ನು. ಒಂದೊಂದು ಊರಿಗೂ ತನ್ನ ತೂಬು ಇದೆ. ಆದರೆ ಕೋಡಿಯ ಎತ್ತರವನ್ನು ಏರಿಸಿ ಕೆಳಗಿನವರ ನೀರು ಕಟ್ಟುವ ಹಕ್ಕು ಯಾರಿಗೂ ಇಲ್ಲ.

ಆ ಕಾಲ ಚಿನ್ನದ ಕಾಲ ಆಗಿತ್ತು ಅಂತ ನಾನು ಹೇಳಲಾರೆ. ಆ ನೀರುಗಂಟಿ ಬಹುಪಾಲು ದಲಿತ ಕೇರಿಯವನು. ಎಲ್ಲರ ಗದ್ದೆಗೂ ನೀರು ಹಂಚುತ್ತಿದ್ದವನಿಗೆ ತನ್ನದೆನ್ನುವ ಗದ್ದೆ ಇರುತ್ತಿದ್ದದ್ದು ಅಪರೂಪ. ಊರು ಕೂತು ತೀರ್ಮಾನ ಮಾಡುತ್ತಿತ್ತು ನಿಜ, ಆದರೆ ಕೂತವರು ಯಾರು, ದೂರ ನಿಂತವರು ಯಾರು ಅನ್ನುವುದನ್ನೂ ಕೇಳಬೇಕು. ಆಮೇಲೆ ಕೆರೆಗಳು ಸರ್ಕಾರದ ಕೈಗೆ ಹೋದವು. 40 ಹೆಕ್ಟೇರ್‌ಗಿಂತ ಜಾಸ್ತಿ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯಿತಿಗೆ. ಹೂಳು ತೆಗೆಯುವುದು ಊರಿನ ಕೆಲಸ ಆಗಿದ್ದದ್ದು ಟೆಂಡರ್ ಆಯಿತು. ಈಗ ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರುತ್ತಿದೆ. ಕೆರೆ ತುಂಬಿವೆ, ಅಂತರ್ಜಲ ಏರಿದೆ ಅನ್ನುವ ಸಂತೋಷ ಇದೆ. ಇನ್ನೊಂದು ಹಂತ ಶುದ್ಧ ಮಾಡಿ ಕಳಿಸಿ ಅನ್ನುವ ಒತ್ತಾಯವೂ ಇದೆ. ಕೆರೆ ಕೋಲಾರದ್ದು, ಪಂಪ್ ಬೆಂಗಳೂರಿನದ್ದು.

ಹಾಗಾದರೆ ಹೊಂದಿಕೆ ಹೇಗೆ? ಬೆಳಗ್ಗೆ ಆರಕ್ಕೆ ಚಿಕ್ಕಬಳ್ಳಾಪುರದ ಯಾವುದಾದರೂ ಹಳ್ಳಿಯ ಡೇರಿ ಮುಂದೆ ನಿಂತು ನೋಡಿ. ಹೆಂಗಸರು, ಹುಡುಗರು ಕ್ಯಾನ್ ಹಿಡಿದು ಸಾಲಾಗಿ ನಿಂತಿರುತ್ತಾರೆ. ಹಾಲಿನ ಗಟ್ಟಿತನ ಹೇಳುವ ಡಿಗ್ರಿ, ಫ್ಯಾಟ್ ಕಣ್ಣೆದುರೇ ನೋಡಿ ಬರೆಯುತ್ತಾರೆ. ತಕರಾರಿದ್ದರೆ ಅಲ್ಲೇ, ಗುರುತಿರುವ ಮುಖದ ಹತ್ತಿರವೇ ಮಾತು. ಆದರೆ ಹಾಲು ಕೆಲವೇ ಗಂಟೆಯಲ್ಲಿ ಕೆಡುವ ವಸ್ತು. ತಂಪು ಮಾಡಲು ದೊಡ್ಡ ಟ್ಯಾಂಕ್ ಬೇಕು, ಒಯ್ಯಲು ಲಾರಿ ಬೇಕು, ಮಾರಲು ಊರೂರಿಗೆ ಗೊತ್ತಿರುವ ಹೆಸರು ಬೇಕು. ಹತ್ತು ಲೀಟರ್ ಹಾಕುವ ಮನೆಗೆ ಅದೆಲ್ಲ ಆಗದು. ಅದಕ್ಕೆ ಹಳ್ಳಿಯಲ್ಲಿ ಸಂಘ, ಮೇಲೆ ಒಕ್ಕೂಟ, ಅದರ ಮೇಲೆ ಕೆಎಂಎಫ್, ನಂದಿನಿ. ಕೆಳಗಿನ ಸಂಘಕ್ಕೆ ಚುನಾವಣೆ ಉಂಟು. ಈ ಚುನಾವಣೆಗಳಲ್ಲಿ ರಾಜಕೀಯ ನುಗ್ಗಿರುವುದು ಎಲ್ಲರಿಗೂ ಗೊತ್ತು. ಆದರೂ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚಿದ ರೀತಿ ಗಟ್ಟಿಯಾದದ್ದು. ಕೆಳಗೆ ಮಾಡಬಹುದಾದ್ದು ಕೆಳಗೇ, ಆಗದ್ದು ಮಾತ್ರ ಮೇಲೆ.

ವಿದ್ಯುತ್ತಿನಲ್ಲೂ ಇಂಥ ನಡುವಿನ ಮೆಟ್ಟಿಲು ಈಗ ಬರುತ್ತಿದೆ. ಕೇಂದ್ರ ಸರ್ಕಾರದ ಕುಸುಮ್ ಯೋಜನೆಯ ಒಂದು ಭಾಗದಲ್ಲಿ ಹಳ್ಳಿಯ ಸಬ್‌ಸ್ಟೇಷನ್ ಪಕ್ಕದಲ್ಲೇ ಕೆಲವು ಮೆಗಾವ್ಯಾಟ್‌ನ ಸೋಲಾರ್ ಹಾಕಿ ಅಲ್ಲಿನ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ಕರೆಂಟ್ ಕೊಡುತ್ತಾರೆ. ಪಾವಗಡದಷ್ಟು ದೊಡ್ಡದಲ್ಲ, ನಮ್ಮ ತಾರಸಿಯಷ್ಟು ಚಿಕ್ಕದೂ ಅಲ್ಲ. ನಮ್ಮ ಮಾವನಂಥವರು ರಾತ್ರಿ ಹಾವು ಚೇಳಿನ ನಡುವೆ ತೋಟಕ್ಕೆ ಹೋಗುವುದು ತಪ್ಪಿದರೆ ಅದೊಂದೇ ಸಾಕು.

ಫೋನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಇಂಟರ್‌ನೆಟ್ ಹುಟ್ಟಿದ್ದೇ ಹಂಚಿದ ಬಲೆಯಾಗಿ. ಒಂದು ದಾರಿ ಕಡಿದರೆ ಸಂದೇಶ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ. ಇಮೇಲ್ ಇವತ್ತಿಗೂ ಹಾಗೇ. ನಿಮ್ಮದು ಒಂದು ಕಂಪನಿ, ನನ್ನದು ಇನ್ನೊಂದು, ಆದರೂ ಪತ್ರ ತಲುಪುತ್ತದೆ. ಆದರೆ ನಾವು ಇಡೀ ಊರಿನ ಮಾತನ್ನು ವಾಟ್ಸಾಪ್‌ಗೆ ತುಂಬಿದ್ದೇವೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಜಗತ್ತಿಗೇ ನಿಂತವು. ಆ ಕಂಪನಿಯೊಳಗೆ ಆದ ಒಂದು ಬದಲಾವಣೆಯ ತಪ್ಪು ಅದು. ಬೇರೆ ರಸ್ತೆಗಳೆಲ್ಲ ಸರಿಯಾಗೇ ಇದ್ದವು, ಮನೆಗೇ ಬೀಗ ಬಿದ್ದಿತ್ತು. ಯುಪಿಐ ಇನ್ನೊಂದು ಬಗೆ. ಬ್ಯಾಂಕ್ ಹಲವು, ಆಪ್ ಹಲವು, ನಡುವೆ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಒಂದೇ. ಆ ಒಂದೇ ನಿಯಮ ಇರುವುದರಿಂದಲೇ ಎಳನೀರಿನವರ ಸ್ಕ್ಯಾನರ್‌ಗೆ ಯಾವ ಆಪ್‌ನಿಂದಲೂ ದುಡ್ಡು ಹೋಗುತ್ತದೆ. ಅದು ನಿಂತ ದಿನ ಎಲ್ಲರ ಕೈಯೂ ಒಟ್ಟಿಗೆ ಖಾಲಿ.

ಒಂದು ಕಡೆ ಸೇರಿಸುವುದೇ ಬಡವನ ಪಾಲಿಗೆ ಬಿಡುಗಡೆ ಆಗುವುದೂ ಉಂಟು. ಪಹಣಿ ಅದಕ್ಕೆ ಉದಾಹರಣೆ. ಹಿಂದೆ ಪಹಣಿ ಇರುತ್ತಿದ್ದದ್ದು ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ, ಅವರ ಕೈಬರಹದಲ್ಲಿ. ಒಂದು ಪ್ರತಿಗಾಗಿ ಅವರನ್ನು ಸಂತೆಯಲ್ಲಿ, ಹೋಟೆಲಿನಲ್ಲಿ ಹುಡುಕಿಕೊಂಡು ಹೋಗಬೇಕಿತ್ತು. ಕೈಬಿಸಿ ಮಾಡಬೇಕಿತ್ತು. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಕೈಗೆ ಪ್ರತಿ ಸಿಗುತ್ತಿತ್ತು. ಇಲ್ಲಿ ಹಿಡಿತ ಊರಿನಿಂದ ದೂರ ಹೋಯಿತು, ರೈತನಿಗೆ ಒಳ್ಳೆಯದಾಯಿತು. ಅಧಿಕಾರ ಹತ್ತಿರ ಇದ್ದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಹತ್ತಿರದ ಗೌಡನ ಹಿಡಿತ ದೂರದ ದೊರೆಯ ಹಿಡಿತಕ್ಕಿಂತ ಬಿಗಿಯಾಗಿರಬಹುದು.

ಅಂಬೇಡ್ಕರ್ 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಗ್ಗೆ ಕಟುವಾಗಿ ಮಾತಾಡಿದ್ದು ಇದಕ್ಕೇ. ಗಾಂಧಿ ಗ್ರಾಮ ಸ್ವರಾಜ್ಯದಲ್ಲಿ ಕಂಡ ಹಳ್ಳಿಯೇ ಬೇರೆ, ಅಂಬೇಡ್ಕರ್ ಅನುಭವಿಸಿದ ಹಳ್ಳಿಯೇ ಬೇರೆ. ಇಬ್ಬರ ಮಾತೂ ಸೇರಿದ ಹಾಗೆ ಕಾಣುವುದು 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿಯಲ್ಲಿ. ಅಧಿಕಾರ ಊರಿಗೆ ಬರಲಿ, ಆದರೆ ಊರಿನ ಕುರ್ಚಿಯಲ್ಲಿ ದಲಿತರು, ಹೆಂಗಸರು ಕೂರಲೇಬೇಕು ಅನ್ನುವ ನಿಯಮ ಮೇಲಿನಿಂದ ಬಂತು. ಮೇಲಿನಿಂದ ಆ ನಿಯಮ ಬರದಿದ್ದರೆ ಎಷ್ಟು ಊರುಗಳು ತಾವಾಗೇ ಆ ಕುರ್ಚಿ ಬಿಟ್ಟುಕೊಡುತ್ತಿದ್ದವು?

ಕರ್ನಾಟಕ ಇದರಲ್ಲಿ ಮುಂದಿತ್ತು. ಎಂಬತ್ತರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಗಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ಅವರು ಮುಂದೆ ನಿಂತು ತಂದ ವ್ಯವಸ್ಥೆಯಲ್ಲಿ 1987ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ಆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನ. ಹೆಂಗಸರಿಗೆ ಕಾಲು ಭಾಗ ಮೀಸಲು. ಅಂಥ ರಾಜ್ಯದಲ್ಲಿ 2021ರಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕಟ್ಟಡ ಇತ್ತು, ಜೀಪು ಇತ್ತು, ಅಧಿಕಾರಿ ಇದ್ದರು. ಜನ ಆರಿಸಿದವರು ಮಾತ್ರ ಇರಲಿಲ್ಲ. ನನಗೆ ಇದು ನಿಜಕ್ಕೂ ನೋವಿನ ವಿಷಯ. ಎರಡು ಸೆಕೆಂಡ್ ತಾಳ ತಪ್ಪಿದರೆ ನಿಲ್ಲುವ ಇನ್ವರ್ಟರಿಗೆ ಒಂದು ಕಾರಣ ಇದೆ, ಲೈನ್‌ಮ್ಯಾನ್‌ನ ಜೀವ. ಇದಕ್ಕೆ ಯಾವ ಕಾರಣ ಕೊಡಬಹುದು?

ನಮ್ಮ ಮನೆಗೆ ಆಮೇಲೆ ಬ್ಯಾಟರಿ ಹಾಕಿಸಿದೆವು, ಇನ್ವರ್ಟರ್ ಬದಲಾಯಿಸಿದೆವು. ಹೈಬ್ರಿಡ್ ಅಂತಾರೆ. ಬೀದಿ ಲೈನ್ ಹೋದರೆ ಅದು ಮೊದಲು ಮನೆಯನ್ನು ಬೀದಿಯಿಂದ ಕಡಿಯುತ್ತದೆ, ಆಮೇಲೆ ಎರಡು ಫ್ಯಾನು, ನಾಲ್ಕು ದೀಪ, ಫ್ರಿಜ್ ಓಡಿಸುತ್ತದೆ. ಖರ್ಚು ಜಾಸ್ತಿಯೇ ಆಯಿತು, ಎಲ್ಲರಿಗೂ ಮಾಡಿ ಅಂತ ಹೇಳಲಾರೆ.

ಮೊನ್ನೆ ಮಳೆಗೆ ಕೊಂಬೆ ಬಿದ್ದು ತಂತಿ ಕಡಿದಾಗ ಲೈನ್‌ಮ್ಯಾನ್ ಬಂದಿದ್ದರು. ಬೀದಿಯಲ್ಲಿ ದೀಪ ಇದ್ದದ್ದು ನಮ್ಮನೆಯಲ್ಲಿ ಮಾತ್ರ. ನಾನೇ ಹೊರಗೆ ಬಂದು, "ಅಣ್ಣಾ, ನಮ್ಮದು ಲೈನಿಗೆ ವಾಪಸ್ ಬರಲ್ಲ, ಕಟ್ ಆಗಿರುತ್ತೆ," ಅಂದೆ.

ಅವರು ನಕ್ಕು ತಲೆಯಾಡಿಸಿದರು. "ಗೊತ್ತು ಸಾರ್. ಸ್ಟೇಷನ್ನಿಂದಾನೂ ಆಫ್ ಅಂದಿದ್ದಾರೆ." ಹಾಗಂದವರು, ತಂತಿಯಲ್ಲಿ ಕರೆಂಟ್ ಇದ್ದರೆ ನೆಲಕ್ಕಿಳಿಸುವ ಉದ್ದನೆಯ ಅರ್ಥಿಂಗ್ ರಾಡ್ ತೆಗೆದು, ಅದರ ವೈರನ್ನು ನೆಲಕ್ಕೆ ಕಟ್ಟಿ, ಮೂರೂ ತಂತಿಗೆ ಒಂದೊಂದಾಗಿ ಸಿಕ್ಕಿಸಿದರು. ಕೈಗವಸು ಸರಿಮಾಡಿಕೊಂಡರು. ಆಮೇಲೆ ಕಂಬ ಹತ್ತಿದರು.